ಗುಂಡುಕಲ್ಲಿನ ಗಂಟಲು

ಭಾನುವಾರ, ಅಕ್ಟೋಬರ್ 5

ಹಾಳು ಗಂಟಲು ಇವತ್ತು ಹಾಗೇಕೆ ಕೈಕೊಟ್ಟಿತೋ, ಅದೇ ತಲೆಯಲ್ಲಿ ಕೊರೆಯುತ್ತಿದೆ.

ಸಂಜೆ ಹುಲಿಕೆರೆ ಕೊಳದ ಮೆಟ್ಟಿಲನ್ನು ಇಪ್ಪತ್ತು ಸಲ ಹತ್ತಿ ಇಳಿದೆ. ಐವತ್ತೆರಡು ವಯಸ್ಸಾದರೂ ಏದುಸಿರಿಲ್ಲ, ಪಿ.ಟಿ. ಮೇಷ್ಟ್ರು ಎಂಬ ಹೆಸರಿಗೆ ಮೋಸವಿಲ್ಲ. ಅಲ್ಲಿ ಕಸ ಗುಡಿಸುವ ಪುಟ್ಟಲಕ್ಷ್ಮಮ್ಮ ಪೊರಕೆ ನಿಲ್ಲಿಸಿ, "ಗುಂಡುಕಲ್ಲು ಇದ್ದಂಗಿದ್ದೀರ ಬಿಡಿ ಮೇಷ್ಟ್ರೇ" ಎಂದರು. ಏನೋ ಹೇಳಲು ಬಾಯಿ ತೆರೆದೆ. ಬರೀ ಗಾಳಿ ಬಂತು.

"ಅಯ್ಯೋ, ಶೀತ ಆಗಿ ಗಂಟ್ಲು ಕಟ್ಟೈತೆ. ಮೆಣಸಿನ ಕಷಾಯ ಕುಡೀರಿ. ನಾಳೆ ಬಂದು ಹೆಂಗೈತೆ ಅಂತ ಹೇಳಿ."

ಶೀತವೂ ಇಲ್ಲ, ಏನೂ ಇಲ್ಲ. ದಸರಾ ರಜೆ. ಗುರುವಾರದಿಂದ ಯಾರೊಂದಿಗೂ ಒಂದು ಮಾತು ಆಡಿರಲಿಲ್ಲ, ಅಷ್ಟೇ. ಶಾಲೆ ಇದ್ದಾಗಲಾದರೂ ಏನು, ನನ್ನ ಬದಲು ಸೀಟಿಯೇ ಮಾತಾಡುತ್ತದೆ. ಗುಂಡುಕಲ್ಲಂತೆ! ಕಲ್ಲಿಗೆ ಜ್ವರ ಬರುವುದಿಲ್ಲ, ನಿಜ. ಹೇಗಿದ್ದೀಯ ಎಂದು ಕಲ್ಲನ್ನು ಯಾರೂ ಕೇಳುವುದೂ ಇಲ್ಲ.

ಆದರೂ ಮನೆಗೆ ಬಂದು ಕಷಾಯ ಕಾಯಿಸಿದೆ. ಖಾರ ಜಾಸ್ತಿಯಾಯಿತು, ಪೂರ್ತಿ ಕುಡಿದೆ.

ನಾಳೆ ಅವರು ಕೇಳಿದರೆ, ಗಂಟಲು ಇನ್ನೂ ಸರಿಹೋಗಿಲ್ಲ ಎನ್ನಬೇಕು.