ಎಡಗಡೆ ಸೀಟಿನ ಅಹಲ್ಯಾಗೆ

ರೋಹಿಣಿ, ದೆಹಲಿ
ನವೆಂಬರ್ 2007

ನನ್ನ ಬಂಗಾರದ ಸೋದರಸೊಸೆ ಅಹಲ್ಯಾಗೆ, ಚಂದ್ರಪ್ಪ ಮಾವ ಮಾಡುವ ಆಶೀರ್ವಾದಗಳು.

ನಿನಗೆ ಕನ್ನಡ ಓದುವುದು ನಿಧಾನ ಅಂತ ಗೊತ್ತು. ನಿಧಾನವಾಗಿಯೇ ಓದು. ಫೋನಿನಲ್ಲಿ ಹೇಳೋಣವೆಂದರೆ ನೀನು ಮಾತುಮಾತಿಗೂ ನಗುತ್ತೀಯ, ಪಕ್ಕದಲ್ಲಿ ನಿನ್ನ ಲೀಲತ್ತೆ ಕಿವಿ ನಿಮಿರಿಸಿ ಕೂತಿರುತ್ತಾಳೆ. ಅದಕ್ಕೇ ಈ ಕಾಗದ.

ನಿನ್ನೆ ನೀನು "ಮಾವ, ಬಡೀ ಕಂಪನಿಗೆ ಬರಲ್ಲ ಅಂದ್ಬಿಟ್ಟೆ, ಇಲ್ಲೇ ಇರ್ತೀನಿ" ಅಂತ ಎಲ್ಲ ಹೇಳಿ ಮುಗಿಸಿದ ಮೇಲೆ ನಾನು ಬರೀ "ಅಚ್ಛಾ" ಅಂದು ಫೋನಿಟ್ಟೆ. ಮಾವನಿಗೆ ಬೇಜಾರಾಯಿತೇನೋ ಅಂದುಕೊಂಡಿರುತ್ತೀಯ. ಬೇಜಾರಲ್ಲ ಕಣೇ, ದೊಡ್ಡ ಗಂಡಾಂತರ ತಪ್ಪಿದ ಸಮಾಧಾನ.

ಯಾಕೆ ಅಂತ ಹೇಳುತ್ತೇನೆ. ಹೋದ ವಾರ ಕೋಲ್ಕತ್ತಾದಿಂದ ಫೋನ್ ಮಾಡಿ ಕೇಳಿದ್ದೆಯಲ್ಲ, "ಮಾವ, ಈ ಛೋಟಾ ಕಂಪನಿಯಲ್ಲೇ ಇದ್ರೆ ಮುಂದಿನ ವರ್ಷ ಲೆಫ್ಟ್ ಸೀಟ್ ಸಿಗುತ್ತೆ. ಬಡೀ ಕಂಪನಿಯವ್ರು ಹಾರಿಸೋಕೆ ಜೆಟ್ ವಿಮಾನ ಕೊಡ್ತಾರೆ, ಸಂಬಳಾನೂ ಜಾಸ್ತಿ, ಲೇಕಿನ್ ಎಷ್ಟೋ ವರ್ಷ ರೈಟ್ ಸೀಟಲ್ಲೇ ಕೂತಿರ್ಬೇಕು. ಏನ್ ಮಾಡ್ಲಿ?"

ಅಪ್ಪ ಇಲ್ಲದ ಹುಡುಗಿ, ದೊಡ್ಡ ವಿಷಯ ಬಂದರೆ ನನ್ನನ್ನೇ ಕೇಳುತ್ತೀಯ. ಕೇಳಬೇಕಾದ್ದೇ. ಊರ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ ಬಂದು ಕೇಂದ್ರ ಸರ್ಕಾರದ ಅಂಬಾಸಿಡರ್ ಓಡಿಸಿದವನು ನಾನು. ನನ್ನ ಹಾರ್ನ್ ಕೇಳಿದರೆ ಇಂಡಿಯಾ ಗೇಟಿನ ಪಾರಿವಾಳಗಳು ಹಾರುವುದು ಬಿಟ್ಟು ಸೆಲ್ಯೂಟ್ ಹೊಡೆಯುತ್ತಿದ್ದವು. ಅಂಥವನಿಗೆ ಸೀಟಿನ ವಿಷಯ ಒಂದು ಪ್ರಶ್ನೆಯೇ? ಬಲಗಡೆ ಡ್ರೈವರ್, ಎಡಗಡೆ ಕ್ಲೀನರ್.

"ಬಲಗಡೆ ಸೀಟು ಕೊಟ್ಟರೆ ಕಣ್ಣು ಮುಚ್ಚಿಕೊಂಡು ಹೋಗು. ನಮ್ಮ ಮನೆತನದಲ್ಲಿ ಯಾರೂ ಕ್ಲೀನರ್ ಜಾಗದಲ್ಲಿ ಕೂತವರಲ್ಲ. ಸ್ಟೇರಿಂಗ್ ಎಲ್ಲಿ ನಿನ್ನದೋ ಅಲ್ಲಿರು" ಅಂದುಬಿಟ್ಟೆ. ನೀನು "ಠೀಕ್ ಹೈ ಮಾವ" ಅಂದು ಡ್ಯೂಟಿಗೆ ಓಡಿದೆ.

ಮಾರನೇ ಬೆಳಿಗ್ಗೆ ಪಾರ್ಕಿನಲ್ಲಿ ಪಕ್ಕದ ಮನೆ ದಕ್ಷಿಣಾಮೂರ್ತಿಗಳ ಮುಂದೆ ಎದೆ ಉಬ್ಬಿಸಿ, "ನಮ್ಮ ಹುಡುಗಿ ಇನ್ನು ಜೆಟ್ಟಿನ ಡ್ರೈವರ್ರು" ಅಂದೆ. ಪೂರ್ತಿ ಕಥೆ ಕೇಳಿ ಅವರು, "ಅಯ್ಯೋ ಚಂದ್ರಪ್ಪ, ವಿಮಾನದಲ್ಲಿ ಕ್ಯಾಪ್ಟನ್ ಕೂರೋದು ಎಡಗಡೆ ಕಣಯ್ಯ. ಬಲಗಡೆಯವರು ಅವರ ಕೈಕೆಳಗೆ" ಅಂದರು.

"ಸೈಕಲ್ಲೂ ಓಡಿಸದವರು ನೀವು, ನಿಮಗೇನ್ರೀ ಗೊತ್ತು" ಅಂತ ಬಾಯಿ ಮುಚ್ಚಿಸಿ ಬಂದೆ. ಆದರೆ ಮನೆಗೆ ಬಂದವನೇ ಚಪ್ಪಲಿ ಕೂಡ ಬಿಡಲಿಲ್ಲ. ನಿನಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್. ಮತ್ತೆ ಹಚ್ಚಿದರೆ ಸಿಗ್ನಲ್ ಇಲ್ಲ. ಶನಿವಾರದೊಳಗೆ ಕಂಪನಿಗೆ ಉತ್ತರ ಕೊಡಬೇಕು ಅಂತ ನೀನೇ ಅಂದಿದ್ದೆ. ನಿನ್ನ ಛೋಟಾ ಕಂಪನಿಯ ಆ ಫ್ಯಾನಿನ ವಿಮಾನದಲ್ಲಿ ಮಂಜು, ಮೋಡ, ಗುಡ್ಡಗಳ ನಡುವೆ ವರ್ಷಗಟ್ಟಲೆ ಹಾರಿ, ಕ್ಯಾಪ್ಟನ್ ಆಗುವುದು ಕೈಗೆ ಸಿಗುವಷ್ಟು ಹತ್ತಿರ ಬಂದಾಗ, ಈ ಬಾಯಿಬಡುಕ ಮಾವ ನಿನ್ನನ್ನು ಕ್ಲೀನರ್ ಜಾಗಕ್ಕೆ ಕಳಿಸಿಬಿಟ್ಟನಲ್ಲ! ನಾನು ಪೇಪರ್ ತಲೆಕೆಳಗಾಗಿ ಹಿಡಿದು ಕೂತಿದ್ದು ನೋಡಿ ಲೀಲತ್ತೆ, "ಏನ್ರೀ, ಹೊಗಳಿಕೊಳ್ಳೋಕೆ ಇವತ್ತು ಏನೂ ಸಿಗಲಿಲ್ವಾ?" ಅಂದಳು.

ಅಷ್ಟರಲ್ಲಿ ನಿನ್ನೆ ನಿನ್ನ ಫೋನ್. ನೀನು ಹೇಳಿದ್ದನ್ನು ನೀನು ಮರೆತರೂ ನಾನು ಮರೆಯುವುದಿಲ್ಲ. "ಕ್ಲೀನರ್ ಯಾಕಂದ್ರಿ ಅಂತ ಮೊದ್ಲು ಸಮಝ್ ನಹೀ ಆಯಾ ಮಾವ. ಸಿಲ್ಚರ್ ಏರ್‌ಪೋರ್ಟಿನಲ್ಲಿ ಚಾಯ್ ಕುಡೀತಿರುವಾಗ, ನೀವು ಕಾರಿನ ಸೀಟಿನ ಲೆಕ್ಕ ಹಾಕಿದ್ದೀರಿ ಅಂತ ಹೊಳೀತು, ಚಾಯೆಲ್ಲ ಯೂನಿಫಾರ್ಮ್ ಮೇಲೆ! ಬಲಗಡೆ ಹೋಗು ಅಂತಾನೂ ಅಂದ್ರಿ, ಸ್ಟೇರಿಂಗ್ ನಿನ್ನದಿರೋ ಕಡೆ ಇರು ಅಂತಾನೂ ಅಂದ್ರಿ. ನಾನು ಸ್ಟೇರಿಂಗ್ ಮಾತು ಕೇಳ್ದೆ."

ಫೋನಿಟ್ಟ ಮೇಲೆ ತಿಳಿಸಾರನ್ನು ಮತ್ತೆ ಮತ್ತೆ ಬಡಿಸಿಕೊಂಡು ಉಂಡೆ. ಇವತ್ತು ಪಾರ್ಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಎಡಗಡೆ ಸೀಟು ಬಿಡಬೇಡ ಅಂತ ನಾನೇ ಹೇಳಿದ್ದು" ಅಂದೆ. ದಕ್ಷಿಣಾಮೂರ್ತಿಗಳು ಕೆಮ್ಮಿದರು. ಕೆಮ್ಮಲಿ.

ನೀನು ಚಿಕ್ಕವಳಿದ್ದಾಗ ನನ್ನ ಮಾರುತಿಯಲ್ಲಿ ಎಡಗಡೆ ಕೂತು ಸ್ಟೇರಿಂಗಿಗೆ ಕೈ ಚಾಚುತ್ತಿದ್ದೆ. "ಅಲ್ಲಿ ಕೂತವರು ಹಾಡು ಹೇಳಬೇಕು ಅಷ್ಟೇ" ಅಂತ ಗದರುತ್ತಿದ್ದೆ. ಮುಂದಿನ ಸಲ ಬಂದಾಗ ಆ ಗಾಡಿ ನೀನೇ ಓಡಿಸು. ನಾನು ಎಡಗಡೆ ಕೂರುತ್ತೇನೆ. ಹಾಡು ಮಾತ್ರ ಹೇಳುವುದಿಲ್ಲ. ಕ್ಯಾಪ್ಟನ್ ಕೂರುವ ಜಾಗ ಅದು.

ನೀನು ಹಾರುವ ಕಡೆಯೆಲ್ಲ ಮೋಡ ಸರಿದು ದಾರಿ ಬಿಡಲಿ ತಾಯಿ.

ಇಂತಿ, ಹೊಟ್ಟೆ ತಣ್ಣಗಾಗಿ ಕೂತಿರುವ
ನಿನ್ನ ಚಂದ್ರಪ್ಪ ಮಾವ