ಭುಜದೊಳಗಿನ ಹತ್ತಿ

ರೋಸಿ ಆಂಟೀ,

ನಾನು ಶಶಿ, ಎದುರುಮನೆಯವಳು. ನೀವು ಹೋಗಿ ಎರಡು ವರ್ಷವಾಯಿತು. ಇಷ್ಟು ದಿನ ಇಲ್ಲದ್ದು ಇವತ್ತು ಯಾಕೆ ಕಾಗದ ಅಂತೀರಾ? ನಿನ್ನೆ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ನಿಮಗಲ್ಲದೆ ಬೇರೆ ಯಾರಿಗೂ ಹೇಳೋ ಹಾಗಿಲ್ಲ.

ನಿಮ್ಮ ಮನೆಗೆ ಹೊಲಿಗೆ ಕಲಿಯಲು ಬಂದ ಮೊದಲ ದಿನ ನೆನಪಿದೆಯಾ? ಡಿಗ್ರಿ ಮುಗಿಸಿ, ಬ್ಯಾಂಕ್ ಪರೀಕ್ಷೆ ಮೂರು ಸಲ ಬರೆದು ಮೂರು ಸಲವೂ ಫೇಲಾಗಿ ಕೂತಿದ್ದೆ. ಆಗ ವಿದ್ಯಾರಣ್ಯಪುರಂನಲ್ಲಿ ಮದುವೆ ಗೌನಾಗಲಿ, ಸೂಟಾಗಲಿ, ಚರ್ಚಿನ ಕ್ರಿಸ್ಮಸ್ ನಾಟಕಕ್ಕೆ ಮೂವರು ರಾಜರ ನಿಲುವಂಗಿಯಾಗಲಿ, ನಿಮ್ಮ ಮುಂದಿನ ಕೋಣೆಯಿಂದಲೇ ಬರಬೇಕಿತ್ತು. ನಾನು ನೇರ ಮಿಷನ್ ಮುಂದೆ ಹೋಗಿ ಕೂತೆ. ನೀವು ಎಬ್ಬಿಸಿ ಕೈಗೆ ಸೂಜಿ ಕೊಟ್ಟಿರಿ. "ಮಿಷನ್‌ಗೆ ಅವಸರ ಜಾಸ್ತಿ ಕಣೇ. ಮೊದಲು ಕೈ ಕಲೀಲಿ." ನಾಲ್ಕು ತಿಂಗಳು ಗುಂಡಿತೂತಿಗೆ ಕಾಜಾ, ಅಂಚಿಗೆ ಹೆಮ್ಮಿಂಗು, ಮತ್ತೆ ಕಾಜಾ. ಮನಸ್ಸಲ್ಲೇ ನಿಮ್ಮನ್ನು ಎಷ್ಟು ಬೈದುಕೊಂಡಿದ್ದೀನೋ...

ಅಪ್ಪನಿಗೆ ಇದು ಗೊತ್ತಾದ ದಿನ ಅರ್ಧ ಊಟಕ್ಕೆ ಎದ್ದುಬಿಟ್ಟರು. ಅವರ ತಾತ ಅರಮನೆಯ ವಿದ್ವಾಂಸರು, ಅಪ್ಪ ಕಾಲೇಜಿನಲ್ಲಿ ಸಂಸ್ಕೃತದ ಮೇಷ್ಟ್ರು. "ಓದು ಬರಹದಿಂದ ಬದುಕಿದ ಮನೆ ಇದು. ನೀನು ಕತ್ತರಿ ಹಿಡೀತೀಯಾ?" ಅಂದರು. ಮರುದಿನ ನಿಮ್ಮ ಗೇಟಿನ ಹತ್ತಿರ ಬಂದು ಅದನ್ನೇ ನಿಮಗೂ ಹೇಳಿದರು. ನಾನು ಒಳಗೆ ಪರದೆ ಹಿಂದೆ ಅವಿತು ನಿಂತಿದ್ದೆ. ನೀವು ಜಗಳವಾಡುತ್ತೀರಿ ಅಂದುಕೊಂಡರೆ, "ಸಾರ್, ನಿಮ್ಮ ತಾತನ ದರ್ಬಾರ್ ಕೋಟು ಟ್ರಂಕಲ್ಲಿದೆಯಂತೆ. ಒಂದ್ಸಲ ತೋರಿಸ್ತೀರಾ?" ಅಂತ ಕೇಳಿದಿರಿ! ಅಪ್ಪ ಗೇಟು ಎಳೆದುಕೊಂಡು ಹೊರಟುಹೋದರು. ಆ ಕೋಟು ನೋಡಬೇಕೆಂದು ಎಷ್ಟು ವರ್ಷ ಕೇಳಿದಿರಿ ಆಂಟಿ? ಕೊನೆಗೂ ನೋಡಲಿಲ್ಲ.

ಬೋಗಾದಿಯ ಹುಡುಗಿಯ ಗೌನು ನಾನು ಸುಟ್ಟೆನಲ್ಲ, ಅದು ಈಗಲೂ ಕನಸಿಗೆ ಬರುತ್ತೆ. ಮದುವೆಗೆ ನಾಲ್ಕೇ ದಿನ. ಬಿಳಿ ಸ್ಯಾಟಿನ್ ಮೇಲೆ ಇಸ್ತ್ರಿ ಪೆಟ್ಟಿಗೆ ಅಂಟಿಕೊಂಡು ಅಂಗೈ ಅಗಲದ ಕಂದು ಕಲೆ. ಅಷ್ಟರಲ್ಲೇ ಹುಡುಗಿಯ ತಾಯಿ ಬಂದರು. ನೀವು ನನ್ನ ಮುಂದೆ ಬಂದು ನಿಂತು, "ನನ್ನ ಕೈಯಿಂದ ತಪ್ಪಾಯ್ತಮ್ಮ. ನಿಮ್ಮ ಮಗಳು ಸರಿಯಾದ ಗೌನಲ್ಲೇ ಚರ್ಚಿಗೆ ಹೋಗ್ತಾಳೆ, ನಂಬಿ," ಅಂದಿರಿ. ಅವರು ಬಾಯಿಗೆ ಬಂದದ್ದೆಲ್ಲ ಅಂದರು. ನೀವು ತಲೆ ತಗ್ಗಿಸಿ ಕೇಳಿಸಿಕೊಂಡಿರಿ. ಅವರು ಅತ್ತ ಹೋಗುತ್ತಲೇ ನನ್ನ ಕಡೆ ತಿರುಗಿ, "ಸುಟ್ಟವಳು ನೀನು, ಬಿಚ್ಚೋಳೂ ನೀನೇ. ಅತ್ತಿದ್ದು ಸಾಕು, ಕೂತ್ಕೋ," ಅಂದಿರಿ. ಸುಟ್ಟ ಭಾಗ ತೆಗೆದು, ಎರಡೂ ಪಕ್ಕಕ್ಕೆ ಸೊಂಟದಿಂದ ಕೆಳಗಿನವರೆಗೆ ಲೇಸಿನ ಪಟ್ಟಿ ಕೂಡಿಸಿದೆವು. ಮದುವೆಗೆ ಬಂದವರೆಲ್ಲ ಆ ಲೇಸನ್ನೇ ಹೊಗಳಿದರಂತೆ. ಅಪ್ಪನಿಗೆ ಮಾತ್ರ ಇದನ್ನು ನಾನು ಹೇಳಲಿಲ್ಲ.

ಆಪರೇಷನ್ ಮುಗಿಸಿ ನೀವು ಮನೆಗೆ ಬಂದ ವಾರ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದಿರಿ. "ಒಂದು ಎದೆ ತೆಗೆದುಬುಟ್ಟಿದ್ದಾರೆ ಕಣೇ ಶಶಿ. ನನ್ನ ತಂಗಿಗೂ ಹೇಳಿಲ್ಲ. ಟೇಪು ತಗೊಂಡ್ಬಾ." ಇಪ್ಪತ್ತು ವರ್ಷ ಊರವರ ಅಳತೆ ತೆಗೆದಿದ್ದ ನಾನು ಅವತ್ತು ಟೇಪು ಹಿಡಿಯಲಾರದೆ ಹೋದೆ. "ಅಳತೆ ತೆಗೆಯೋರಿಗೆ ಮೈಯ ಗುಟ್ಟೆಲ್ಲ ಗೊತ್ತಾಗುತ್ತೆ. ಗೊತ್ತಾಗಿದ್ದು ಬಾಯಿಗೆ ಬರಬಾರದು, ಬಟ್ಟೆಗೆ ಬರಬೇಕು," ಅಂದಿರಿ. ಇಬ್ಬರೂ ಕೂತು ಹತ್ತಿ ತುಂಬಿ ಒಂದು ಮೆತ್ತೆ ಹೊಲಿದೆವು. ಮುಂದಿನ ಭಾನುವಾರ ನೀವು ಚರ್ಚಿನ ಪೂಜೆಗೆ ಹೋದ ಠೀವಿ ನೋಡಬೇಕಿತ್ತು!

ನೀವು ಹೋದ ದಿನ ನಿಮ್ಮ ತಂಗಿ ಅಂಗಡಿಯಿಂದ ಒಂದು ಬಿಳಿ ಗೌನು ತರಿಸಿದ್ದರು. ನಿಮ್ಮ ಮೇಲೆ ಹಿಡಿದು ನೋಡಿದೆ. ಎಡಗಡೆ ಬಟ್ಟೆ ಕುಸಿದು ಗುಳಿ ಬಿತ್ತು. ಊರೆಲ್ಲ ಬಂದು ಮುಖ ನೋಡುವ ಹೊತ್ತು ಅದು. "ಎರಡು ಗಂಟೆ ಟೈಮ್ ಕೊಡಿ," ಅಂತ ಕೇಳಿಕೊಂಡೆ. ಯಾಕೆ ಅಂತ ಅವರು ಕೇಳಿದರು, ನಾನು ಹೇಳಲಿಲ್ಲ. ನಿಮ್ಮ ಬೀರುವಿನಲ್ಲಿದ್ದ ನೀಲಿ ರೇಷ್ಮೆ ತೆಗೆದು ನಿಮ್ಮ ಮಿಷನ್ನಿನಲ್ಲೇ ಹೊಲಿದೆ. ತೊಡಿಸಲು ಸುಲಭವಾಗಲಿ ಅಂತ ಬೆನ್ನು ಪೂರ್ತಿ ತೆರೆದಿಟ್ಟು ಲಾಡಿ ಹಾಕಿದೆ. ಎಡಗಡೆ ಒಳಗೆ ಹತ್ತಿ ಇಟ್ಟು ಕೈಯಲ್ಲೇ ಹೊಲಿದೆ. ಯಾರಿಗೂ ಏನೂ ಗೊತ್ತಾಗಲಿಲ್ಲ ಆಂಟಿ. ಆದರೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಳಗಿನ ಅಂಚಿಗೆ ಹೊತ್ತು ಸಾಲಲಿಲ್ಲ, ಫಾದರ್ ಬಂದಾಗಿತ್ತು. ಬರೀ ಕಚ್ಚಾ ಹೊಲಿಗೆ ಹಾಕಿಬಿಟ್ಟೆ. ಜೀವಮಾನದಲ್ಲಿ ಕಚ್ಚಾ ಹೊಲಿಗೆಯ ಬಟ್ಟೆ ಹೊಸಲು ದಾಟಿಸದ ನಿಮ್ಮನ್ನು ನಾನು ಹಾಗೆ ಕಳಿಸಿದೆನಲ್ಲ...

ಹೋದ ವಾರ ಅಪ್ಪ ತಾವಾಗಿಯೇ ಟ್ರಂಕು ತೆಗೆಸಿದರು. ಬರುವ ತಿಂಗಳು ಅವರಿಗೆ ಸಹಸ್ರಚಂದ್ರ ದರ್ಶನದ ಶಾಂತಿ, ಎಂಬತ್ತು ತುಂಬಿತು. ಬೆಳಿಗ್ಗೆ ಪಂಚೆ, ಶಲ್ಯ ಇದ್ದೇ ಇದೆ. ಸಂಜೆ ನೆಂಟರೆಲ್ಲ ಸೇರಿದಾಗ ತಮ್ಮ ತಾತನ ದರ್ಬಾರ್ ಕೋಟು ಹಾಕಿಕೊಳ್ಳಬೇಕಂತೆ. ಮುಟ್ಟಿದರೆ ಮಡಿಕೆಮಡಿಕೆಯಲ್ಲೂ ಹರಿಯುತ್ತಿತ್ತು. "ಇದನ್ನೇ ನೋಡಿಕೊಂಡು ಹೊಸದು ಹೊಲಿಯಲಾ?" ಅಂದೆ. ಕೋಟನ್ನು ನನ್ನ ಮಡಿಲಿಗಿಟ್ಟು, "ಹುಷಾರಾಗಿ ಬಿಚ್ಚು," ಅಂದರು.

ಮೊನ್ನೆ ಬೆಳಿಗ್ಗೆ ಅಪ್ಪನ ಎದುರೇ ಲೈನಿಂಗು ಬಿಚ್ಚಿದೆ. ಬಲ ಭುಜದೊಳಗೆ ಹತ್ತಿ ಒಂದು ಪದರ. ಎಡಕ್ಕೆ ಮೂರು. ಮೂರೂ ಪದರವನ್ನು ಅಕ್ಕಿಕಾಳಿನಷ್ಟು ಚಿಕ್ಕ ಹೊಲಿಗೆಯಲ್ಲಿ ಕತ್ತಿನ ಕಡೆಗೆ ತೆಳುವಾಗಿಸುತ್ತಾ ಬಂದಿದ್ದ ಆ ಕಾಲದ ದರ್ಜಿ. ನನಗೆ ತಡೆಯಲಾಗಲಿಲ್ಲ. "ಅಪ್ಪಾ, ಮುತ್ತಾತನಿಗೆ ಎಡಭುಜ ಇಳಿದಿತ್ತಾ?" ಅಂತ ಬಾಯಿತಪ್ಪಿ ಕೇಳಿಬಿಟ್ಟೆ. ಅಪ್ಪನ ಮುಖ ಬಣ್ಣಗೆಟ್ಟಿತು.

"ಯಾರು ಹೇಳಿದ್ರು ನಿಂಗೆ?"

"ಈ ಹತ್ತಿ."

"ಚಿಕ್ಕಂದಿನಲ್ಲಿ ಮರದಿಂದ ಬಿದ್ದಿದ್ರು. ಮೂಳೆ ನೆಟ್ಟಗೆ ಕೂಡಲಿಲ್ಲ. ದೀಪಾವಳಿಗೆ ಅವರ ಬೆನ್ನಿಗೆ ನೀರು ಹಾಕ್ತಿದ್ದೆ, ಆಗ ನೋಡಿದ್ದೆ. ಹೊರಗಿನವರು ಯಾರಿಗೂ ಗೊತ್ತಿರಲಿಲ್ಲ." ಬಿಚ್ಚಿದ ಭುಜವನ್ನು ಸವರುತ್ತಾ ಕೂತರು. "ಅಂದ್ರೆ ಒಬ್ಬನಿಗೆ ಗೊತ್ತಿತ್ತು. ಅವನು ಹೇಳ್ಲಿಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ರೋಸಿಯಮ್ಮಂಗೆ ಇದನ್ನ ತೋರಿಸಬೇಕಿತ್ತು ನಾನು," ಅಂದರು. ಆಂಟಿ, ಈ ಮಾತು ನಿಮಗೆ ಕೇಳಿಸಿತಾ?

ನಿನ್ನೆ ಅಳತೆ ತೆಗೆಯೋಣ ಅಂತ ಕರೆದೆ. ಮನೆಯಲ್ಲೇ ಇರೋ ನನ್ನ ಹೊಲಿಗೆ ಕೋಣೆಯೊಳಗೆ ಅಪ್ಪ ಕಾಲಿಟ್ಟದ್ದು ಅದೇ ಮೊದಲು. ಎದೆ ಸುತ್ತಳತೆಗೆ ಎರಡೂ ಕೈ ಎತ್ತಿ ಅಂದೆ. ಎಡಗೈ ಎದ್ದಿತು. ಬಲಗೈ ಅರ್ಧಕ್ಕೆ ನಿಂತುಬಿಟ್ಟಿತು. ತಲೆ ಮೇಲಿಂದ ಹಾಕೋ ಜುಬ್ಬಾ ಬಿಟ್ಟು ಒಂದು ವರ್ಷದಿಂದ ಬರೀ ಮುಂದೆ ಗುಂಡಿಯಿರೋ ಅಂಗಿ ಹಾಕುತ್ತಿದ್ದರು. ಯಾಕೆ ಅಂತ ನಾವು ಯಾರೂ ಕೇಳಿರಲಿಲ್ಲ. ಅಪ್ಪ ಬಾಗಿಲ ಕಡೆ ನೋಡಿ, ಪಿಸುಮಾತಿನಲ್ಲಿ ಅಂದರು: "ಇದಕ್ಕಿಂತ ಮೇಲೆ ಏಳಲ್ಲ ಕಣಮ್ಮ. ನಿಮ್ಮಮ್ಮ ಗಾಬರಿಯಾಗ್ತಾಳೆ ಅಂತ ಹೇಳಿಲ್ಲ. ಅಷ್ಟು ಜನದ ಮುಂದೆ ಇನ್ನೊಬ್ಬರು ನನಗೆ ಕೋಟು ತೊಡಿಸೋ ಹಾಗಾಗಬಾರದು. ನಾನೇ ಹಾಕ್ಕೊಳ್ಳೋ ಥರ ಹೊಲೀತೀಯಾ?"

ಅಳಲಿಲ್ಲ ಆಂಟಿ, ಅಳತೆ ಪುಸ್ತಕ ತೆಗೆದೆ. "ಡಾಕ್ಟರ ಹತ್ರ ಹೋಗೋಣ, ಅದು ಬೇರೆ ಮಾತು. ಕೋಟು ಹೊಲೀತೀನಿ," ಅಂದೆ. ಬಲಗಡೆ ಕಂಕುಳು ಎರಡಿಂಚು ಅಗಲ, ಅಲ್ಲಿ ತೋಳು ಆಡಲು ಒಳಗೊಂದು ಪಟ್ಟಿ, ತೋಳಿಗೆ ಜಾರುವ ರೇಷ್ಮೆ ಲೈನಿಂಗು ಅಂತ ಬರೆದುಕೊಂಡೆ. ಭಾನುವಾರ ಟ್ರಯಲ್ ಇಟ್ಟಿದ್ದೀನಿ.

ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಕೂಗಿದಳು: "ಏನೇ ಅದು, ಅಪ್ಪ ಮಗಳ ಗುಸುಗುಸು?"

ಅಪ್ಪ ನನ್ನ ಮುಖ ನೋಡಿದರು.

"ಏನಿಲ್ಲಮ್ಮ," ಅಂದೆ. "ಅಳತೆ ತಗೊಳ್ತಿದ್ದೆ."

ನಿಮ್ಮ,
ಶಶಿ