ಈಸ್ಟ್‌ಲೈಟ್ ಚಾನೆಲ್‌ನ ಆರು ಗಂಟೆಯ ಲೈಟ್‌ಹೌಸ್

ಪೀಟರ್‌ಬರೋ ಬಂದರು,
ಎರಡನೆಯ ಫೆಬ್ರವರಿ ಮೂವತ್ತೊಂದು, ೨೪೧೯

ಲೆಸ್ಟರ್ ನಗರದ ಶ್ರೀಮತಿ ವಿಮಲಾಕ್ಷಿ ಚಂದ್ರಮೌಳಿ ಅವರಿಗೆ ನಮಸ್ಕಾರಗಳು.

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ಋತುಗಳೆಲ್ಲ ಜಾರಿಹೋದ ಮೇಲೆ ನಾವು ಫೆಬ್ರವರಿಯನ್ನು ಎರಡು ಮಾಡಿ, ಅದರ ದಿನಗಳನ್ನೂ ಹೆಚ್ಚಿಸಿಕೊಂಡಿದ್ದೇವೆ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ದಯವಿಟ್ಟು ಕ್ಷಮಿಸಿ. ಇಲ್ಲಿ ಅದನ್ನು ಓದಬಲ್ಲವರು ಮೂವರೇ, ಆ ಮೂವರಲ್ಲಿ ಬೈಗುಳ ಅರ್ಥವಾಗುವುದು ನನಗೊಬ್ಬಳಿಗೆ. ಅದಕ್ಕೇ ನಿಮ್ಮ ಪತ್ರ ನನ್ನ ಮೇಜಿಗೆ ಬಂತು.

ನಾನು ಮರುವೋಲೆ ಮನೆಯಲ್ಲಿ ಕೆಲಸ ಮಾಡುವವಳು. ಹಿಂದಿನ ಶತಮಾನಗಳಲ್ಲಿ ಯಾರೂ ಉತ್ತರ ಕೊಡದೆ ಬಿಟ್ಟ ಪತ್ರಗಳಿಗೆ ಉತ್ತರ ಬರೆದು, ಕಾಲದಲ್ಲಿ ಹಿಂದಕ್ಕೆ ಹೋಗುವ ಹಿಂದಂಚೆಗೆ ಹಾಕುವುದು ನಮ್ಮ ಕಸುಬು. ಹಿಂದಂಚೆ ಬರೆದ ಮಾತನ್ನಷ್ಟೇ ಒಯ್ಯುತ್ತದೆ. ಚಿತ್ರವನ್ನಾಗಲಿ ದನಿಯನ್ನಾಗಲಿ ಒಯ್ಯುವುದಿಲ್ಲ. ಈ ಸಲ ನನ್ನ ಪಾಲಿಗೆ ಬಂದದ್ದು ಈಸ್ಟ್‌ಲೈಟ್ ಎಂಬ ಬ್ರಿಟಿಷ್ ಟಿವಿ ಚಾನೆಲ್‌ಗೆ ವೀಕ್ಷಕರು ೨೦೧೧ರಲ್ಲಿ ಬರೆದ ದೂರುಗಳ ಪೆಟ್ಟಿಗೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಿಮ್ಮ ಪತ್ರದ ಮೊದಲ ಸಾಲು, "ನಮ್ಮ ಲೈಟ್‌ಹೌಸನ್ನು ಯಾಕೆ ತೆಗೆದಿರಿ?" ಎಂದಿದೆ. ಸಮುದ್ರ ಮನೆಬಾಗಿಲಿಗೆ ಬಂದ ಊರು ನಮ್ಮದು. ಆರಿದ ದೀಪದ ಸುದ್ದಿ ಯಾವ ಪತ್ರದಲ್ಲಿ ಕಂಡರೂ, ಎರಡನೆಯ ಸಾಲು ಓದುವ ಮೊದಲೇ ಬಂದರಿಗೆ ತಿಳಿಸಬೇಕೆಂಬ ನಿಯಮವಿದೆ. ತಿಳಿಸಿದೆ. ಹದಿನಾರು ದೋಣಿಗಳು ನಲವತ್ತು ದಿನ ಕರಾವಳಿಯುದ್ದಕ್ಕೂ ನಿಮ್ಮ ಲೈಟ್‌ಹೌಸ್ ಹುಡುಕಿದವು. ಎರಡು ಕಾರ್ಯಕ್ರಮಗಳ ನಡುವೆ ಟಿವಿಯಲ್ಲಿ ಬರುತ್ತಿದ್ದ ಪುಟ್ಟ ಚಿತ್ರವದು ಎಂದು ಆಮೇಲೆ ತಿಳಿಯಿತು. ದೋಣಿಯವರು ನನ್ನನ್ನು ಕಂಡರೆ ಈಗಲೂ ಮುಖ ತಿರುಗಿಸುತ್ತಾರೆ.

ಪೆಟ್ಟಿಗೆಯ ಉಳಿದ ಪತ್ರಗಳನ್ನು ಓದಿ ಇನ್ನಷ್ಟು ತಲೆ ಕೆಟ್ಟಿತು. ಕಾರ್ಯಕ್ರಮ ಮುಗಿದು ಕಲಾವಿದರ ಹೆಸರುಗಳು ತೆರೆಯಲ್ಲಿ ಮೇಲೇರುವಾಗ ಯಾರೋ ನಡುವೆ ಬಾಯಿ ಹಾಕುತ್ತಾರೆಂದು ನಾರ್ವಿಚ್‌ನ ಒಬ್ಬರು ಆರು ಪುಟ ಬೈದಿದ್ದಾರೆ. ತೆರೆಯ ಮೂಲೆಯಲ್ಲಿ ಕೂತ ಚಾನೆಲ್‌ನ ಲಾಂಛನ ಕ್ರಿಕೆಟ್ ಸ್ಕೋರನ್ನು ಮುಚ್ಚುತ್ತದೆಂದು ಇನ್ನೊಬ್ಬರಿಗೆ ಸಿಟ್ಟು. ಮನೆ ಮಾರುವ ಕಾರ್ಯಕ್ರಮವನ್ನು ದಿನಕ್ಕೆ ಎಂಟು ಸಲ ಹಾಕಬೇಡಿ ಎಂದು ಬರೆದ ಹೆಂಗಸು, ಮಂಗಳವಾರ ತೋರಿಸಿದ ಮನೆ ಕೊನೆಗೂ ಮಾರಾಟವಾಯಿತೇ ಎಂದು ಅಡಿಯಲ್ಲಿ ಕೇಳಿದ್ದಾರೆ! ಈಸ್ಟ್‌ಲೈಟ್ ಎಂಬ ಹೆಸರು ತೆಗೆದು 'ಬ್ಲಿಮ್' ಎಂದು ಇಟ್ಟು, ಲೈಟ್‌ಹೌಸ್ ಇದ್ದಲ್ಲಿ ಕುಣಿಯುವ ಕಿತ್ತಳೆ ಚೆಂಡು ತಂದದ್ದನ್ನು ಮಾತ್ರ ಒಬ್ಬರೂ ಒಪ್ಪಿಲ್ಲ. ಹೊಸ ಹೆಸರು ಅಂಗಾಲಿಗೆ ಏನೋ ಮೆತ್ತಿಕೊಂಡ ಹಾಗಿದೆಯಂತೆ.

ಅಷ್ಟು ಬೇಸರವಿದ್ದರೆ ನೋಡುವುದಾದರೂ ಯಾಕೆ? ನನಗಿದು ಬಗೆಹರಿಯಲೇ ಇಲ್ಲ. ನಮಗಿರುವುದು ಒಳತೆರೆ. ಕಣ್ಣು ಮುಚ್ಚಿದರೆ ರೆಪ್ಪೆಯೊಳಗೇ ಕಥೆ ಮೂಡುತ್ತದೆ, ನೋಡುವವರ ಮನಸ್ಸಿಗೆ ಒಪ್ಪುವಂತೆ ಆ ಕ್ಷಣದಲ್ಲೇ ಹೆಣೆದದ್ದು. ನಾನು ಕಂಡದ್ದನ್ನು ಪಕ್ಕದವಳು ಎಂದೂ ಕಾಣುವುದಿಲ್ಲ. ಬೆಳಿಗ್ಗೆ ಊಟದ ಮನೆಯಲ್ಲಿ ಕಡಲಪಾಚಿಯ ಗಂಜಿ ಕುಡಿದು ಹದಿನಾಲ್ಕು ಜನ ಸಾಲಾಗಿ ಕಣ್ಣು ಮುಚ್ಚಿ ಕೂರುತ್ತೇವೆ. ಒಬ್ಬರು ನಕ್ಕರೆ ಯಾಕೆಂದು ಉಳಿದವರು ಕೇಳುವ ಪದ್ಧತಿಯಿಲ್ಲ. ದೂರು ಕೊಡೋಣವೆಂದರೂ ಯಾರ ಮೇಲೆ ಕೊಡುವುದು? ಊರಿಗೆ ಊರೇ ಒಂದೇ ಚೆಂಡನ್ನು ನೋಡಿ ಒಟ್ಟಿಗೆ ಸಿಟ್ಟಾಗುವುದು ಹೇಗಿರುತ್ತದೋ ನನಗೆ ಗೊತ್ತಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಆದರೆ ನಿಮ್ಮದು ಅಂಥ ದೂರಲ್ಲ. "ಇಂಗ್ಲಿಷಲ್ಲಿ ಎರಡು ಸಲ ಬರೆದೆ, ನಿಮ್ಮ ತಲೆಗೆ ಹೋಗಲಿಲ್ಲ. ಅದಕ್ಕೇ ಈಗ ಕನ್ನಡದಲ್ಲೇ ಬೈತಾ ಇದೀನಿ" ಎಂದು ಎರಡನೆಯ ಸಾಲಲ್ಲೇ ಗದರಿಸಿ ನೀವು ಎಲ್ಲವನ್ನೂ ಹೇಳಿದ್ದೀರಿ. ಲೆಸ್ಟರ್‌ನಲ್ಲಿ ಮೂವತ್ತು ವರ್ಷ ಬಸ್ ಓಡಿಸಿದ ನಿಮ್ಮ ಯಜಮಾನರಿಗೆ ಈಗ ನೆನಪು ನಿಲ್ಲುವುದಿಲ್ಲ. ಆದರೂ ಸಂಜೆ ಆರಕ್ಕೆ ಲೈಟ್‌ಹೌಸ್ ತಿರುಗಿದರೆ, ಇದು ನಮ್ಮನೆ ಎಂದು ಗುರುತು ಹಿಡಿದು, ಕೈ ತೊಳೆದು ಊಟಕ್ಕೆ ಕೂರುತ್ತಿದ್ದರು. ಚೆಂಡು ಬಂದ ದಿನದಿಂದ ಅವರಿಗೆ ಇದು ಯಾರದೋ ಮನೆ. "ಯಾರಮ್ಮಾ ನೀವು? ಈ ಮನೆಯೋರು ಕರೀದೆ ನಾನು ಹೆಂಗೆ ಊಟಕ್ಕೆ ಕೂರ್ಲಿ?" ಎಂದು ನಿಮ್ಮನ್ನೇ ಕೇಳುತ್ತಾರೆ. ಒಂಬತ್ತು ದಿನದಿಂದ ಹೊಟ್ಟೆ ತುಂಬ ಉಂಡಿಲ್ಲ. ಆ ಲೈಟ್‌ಹೌಸ್ ಚಿತ್ರದ ಒಂದು ಪ್ರತಿ ಕಳಿಸಿಕೊಡಿ, ನಿಮ್ಮ ದಮ್ಮಯ್ಯ ಎಂದು ಬರೆದಿದ್ದೀರಿ. ಅಲ್ಲಿಗೆ ಬಂದಾಗ ನನಗೆ ಅಳು ಬಂತು.

ಚಿತ್ರ ನಮ್ಮ ಉಗ್ರಾಣದಲ್ಲಿ ಸಿಕ್ಕಿತು. ಹನ್ನೊಂದೇ ಸೆಕೆಂಡು. ಕಳಿಸಲು ದಾರಿಯಿಲ್ಲ. ಮರುವೋಲೆ ಮನೆಯ ಹಿರಿಯರಾದ ದಾಕ್ಷಾಯಣಿ ಪ್ಯಾಟನ್ ಅವರ ಹತ್ತಿರ ಹೋಗಿ ಪೇಚಾಡಿದೆ. "ಮಾತು ಹೋಗುತ್ತಲ್ವಾ? ಹಂಗಾದ್ರೆ ಮಾತೇ ಕಳ್ಸು. ಕಂಡಿದ್ದನ್ನ ಹೇಳೋಕೆ ಬರಲ್ವಾ ನಿಂಗೆ?" ಎಂದರು. ನಿಜವಾಗಿಯೂ ಬರುವುದಿಲ್ಲ. ಕಂಡದ್ದನ್ನು ಇನ್ನೊಬ್ಬರಿಗೆ ಹೇಳುವ ಪ್ರಸಂಗ ನನ್ನ ಆಯುಷ್ಯದಲ್ಲೇ ಬಂದಿರಲಿಲ್ಲ. ಮೊದಲ ಸಲ "ಲೈಟ್‌ಹೌಸ್ ಇದೆ, ತಿರುಗುತ್ತದೆ" ಎಂದಷ್ಟೇ ಬರೆದು ಮುಗಿಸಿದೆ. ಲೈಟ್‌ಹೌಸ್ ತಿರುಗುವುದಿಲ್ಲ, ಬೆಳಕು ತಿರುಗುತ್ತದೆ ಎಂದು ನನಗೆ ಹೊಳೆದದ್ದು ಮಾರನೆಯ ದಿನ. ಇದು ಏಳನೆಯ ಪ್ರಯತ್ನ.

ಬೂದು ಬಣ್ಣದ ಕಡಲು. ಎಡಗಡೆ ಬಂಡೆಯ ಮೇಲೆ ಬಿಳಿ ಗೋಪುರ, ಅದರ ನಡುವಿಗೆ ಒಂದು ಕೆಂಪು ಪಟ್ಟಿ. ಬೆಳಕು ಬಲಗಡೆಯಿಂದ ನೀರಿನ ಮೇಲೆ ನಿಧಾನಕ್ಕೆ ಬರುತ್ತದೆ. ಒಂದು ಸಣ್ಣ ದೋಣಿಯನ್ನು ತೋರಿಸಿ ಮುಂದೆ ಸಾಗುತ್ತದೆ. ದೋಣಿಯಲ್ಲಿದ್ದವನು ಕೈಯೆತ್ತುತ್ತಾನೆ. ಬೆಳಕು ನಮ್ಮ ಕಡೆಗೆ ತಿರುಗಿದಾಗ ತೆರೆಯೆಲ್ಲ ಬೆಳ್ಳಗಾಗುತ್ತದೆ. ಆಗ ಹೆಂಗಸೊಬ್ಬಳ ದನಿ, ಅವಸರವಿಲ್ಲದೆ: "ಇದು ಈಸ್ಟ್‌ಲೈಟ್. ಈಗ ಆರು ಗಂಟೆ. ಬನ್ನಿ, ಕೂತ್ಕೊಳ್ಳಿ."

ಇಷ್ಟೇ ಅಮ್ಮ. ಆ ದನಿಯ ಇಂಗ್ಲಿಷನ್ನು ಕನ್ನಡ ಮಾಡಿದ್ದು ನಾನು. ಇದರಿಂದ ಉಪಯೋಗವಾದೀತೇ ಎಂದು ನನಗೆ ತಿಳಿಯದು. ನನ್ನದೊಂದು ಕೋರಿಕೆ. ನಾಳೆ ಸಂಜೆ ಟಿವಿ ಆರಿಸಿ. ತಟ್ಟೆ ಹಾಕಿ. ಅವರ ಪಕ್ಕದಲ್ಲಿ ಕೂತು ಮೇಲಿನದನ್ನು ನಿಧಾನಕ್ಕೆ ಓದಿ ಹೇಳಿ, ಕೊನೆಯ ಮಾತನ್ನು ಅವರ ಮುಖ ನೋಡಿ ಹೇಳಿ. ಅವರು ಕೈ ತೊಳೆಯಲು ಏಳದಿದ್ದರೆ ಮಾರನೆಯ ದಿನವೂ ಹೇಳಿ. ಆ ದನಿ ಯಾರದೆಂದು ದಾಖಲೆಯಲ್ಲಿ ಎಲ್ಲೂ ಬರೆದಿಲ್ಲ. ಅವರು ಕೇಳಿದರೆ ನಿಮ್ಮ ಹೆಸರನ್ನೇ ಹೇಳಿ.

ನಿಮ್ಮ,
ಇಬ್ಬನಿ ವೈಟ್‌ಲಾಕ್